ಎಡಗಿವಿಯ ಮಂದ್ರ

ಇಲ್ಲವೇ ಇಲ್ಲವೋ, ಇದ್ದೂ ತನಗೆ ಕೇಳುತ್ತಿಲ್ಲವೋ? ಸಂಗ್‌ವಾನ್ ಹಾಡನ್ನು ಮತ್ತೆ ಎರಡನೆಯ ಚರಣದ ಮೊದಲಿಗೆ ತಂದು ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು, ಬಿಟ್ಟ. ಬಲಗಿವಿಯಲ್ಲಿ ಬೇಸ್ ಗಿಟಾರು ನೆಲದಿಂದ ನೀರು ಏರಿದ ಹಾಗೆ ತುಂಬಿಕೊಂಡು ಬಂತು. ಎಡಗಿವಿಗೆ ಬಂದದ್ದು ಅದರ ಸಿಪ್ಪೆ ಮಾತ್ರ: ಬೆರಳು ತಂತಿಗೆ ತಾಗಿದ ಸದ್ದು, ಆಮೇಲೆ ಒಂದು ಟೊಳ್ಳು. ನಟ್ಟನಡುವೆ ನಿಲ್ಲಬೇಕಾದ ವಾದ್ಯ ಅದು. ಎರಡೂ ಕಿವಿಗೆ ಸಮನಾಗಿ ಬಿದ್ದರೆ ತಲೆಯೊಳಗೆ, ಹುಬ್ಬುಗಳ ಹಿಂದೆ ಎಲ್ಲೋ ಕೂತಂತೆ ಕೇಳಬೇಕು. ಈಗ ಅದು ಬಲಕ್ಕೆ ವಾಲಿಕೊಂಡು ಹಾಡನ್ನೆಲ್ಲ ತನ್ನ ಕಡೆಗೆ ಜಾರಿಸಿಕೊಳ್ಳುತ್ತಿತ್ತು. ಕಣ್ಣು ತೆರೆದರೆ ಪರದೆಯ ಮೇಲೆ ಎಲ್ಲ ಸರಿಯಾಗಿತ್ತು. ಎಡದ್ದು, ಬಲದ್ದು ಎರಡೂ ಪಟ್ಟಿಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಕಣ್ಣು ಇದೆ ಅನ್ನುತ್ತದೆ, ಕಿವಿ ಇಲ್ಲ ಅನ್ನುತ್ತದೆ. ಸ್ಟುಡಿಯೋದಲ್ಲಿದ್ದ ದಿನಗಳಲ್ಲಿ ತನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಇದೊಂದೇ ಮಾತು: ಪರದೆ ನೋಡಿ ಮಿಕ್ಸ್ ಮಾಡಬೇಡ್ರೋ, ಕಿವಿಯಲ್ಲಿ ಮಾಡ್ರೋ. ಒಮ್ಮೆ ಒಬ್ಬ ಹುಡುಗ ಪಟ್ಟಿಗಳನ್ನೇ ದಿಟ್ಟಿಸುತ್ತಿದ್ದಾಗ ಪರದೆಯ ಮೇಲೆ ಟವೆಲ್ ಹೊದಿಸಿ ಎಲ್ಲರನ್ನೂ ನಗಿಸಿದ್ದ. ಆ ಟವೆಲ್ಲಿನ ಮಾಸಿದ ಹಳದಿ ಬಣ್ಣ, ಆ ಹುಡುಗನ ಕೆಂಪಗಾದ ಕಿವಿಗಳು, ಇವತ್ತು ಕರೆಯದೆ ಬಂದು ಎದುರಿಗೆ ಕೂತವು.

ಹೆಡ್‌ಫೋನನ್ನು ಅನುಮಾನಿಸುವುದು ಸುಲಭವಿತ್ತು. ಅದನ್ನೂ ಮಾಡಿ ಮುಗಿಸಿದ್ದ. ಯಾವ ಹೆಡ್‌ಫೋನೂ ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ. ಒಂದು ಮಂದ್ರವನ್ನು ಉಬ್ಬಿಸುತ್ತದೆ, ಇನ್ನೊಂದು ಅರ್ಧ ನುಂಗುತ್ತದೆ. ಅದಕ್ಕೆಂದೇ ಅವನು ತಿದ್ದುವ ಸಾಫ್ಟ್‌ವೇರ್ ಹಾಕಿಕೊಂಡಿದ್ದ. ತನ್ನದೇ ಹೆಡ್‌ಫೋನನ್ನು ಕಳಿಸಿ ಅದರ ಎರಡೂ ಬಟ್ಟಲುಗಳನ್ನು ಬೇರೆಬೇರೆಯಾಗಿ ಅಳೆಸಿ ತರಿಸಿಕೊಂಡಿದ್ದ. ಉಬ್ಬಿದ ಕಡೆ ತಗ್ಗಿಸಿ, ತಗ್ಗಿದ ಕಡೆ ತುಂಬಿ, ಅದು ಕೊನೆಗೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಗೆರೆಯನ್ನು ನೆಟ್ಟಗೆ ಎಳೆದು ತೋರಿಸುತ್ತಿತ್ತು. ಆ ಗೆರೆಯನ್ನು ನೋಡಿದಾಗಲೆಲ್ಲ ಅವನಿಗೆ ಬೆಳಗ್ಗೆ ಗುಡಿಸಿದ ಅಂಗಳ ಕಂಡಷ್ಟು ಸಮಾಧಾನವಾಗುತ್ತಿತ್ತು. ಎಡಗಡೆ ಮಂದ್ರ ಸೋರುತ್ತಿದೆ ಅನ್ನಿಸಿದ ಮೊದಲ ದಿನ ಅವನು ಮಾಡಿದ್ದು ಈ ಕಸುಬಿನವರು ಯಾರಾದರೂ ಮಾಡುವುದನ್ನೇ: ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡ. ಎಡದ ಬಟ್ಟಲು ಬಲಗಿವಿಗೆ, ಬಲದ್ದು ಎಡಗಿವಿಗೆ. ದೋಷ ಯಂತ್ರದ್ದಾದರೆ ಈಗ ಬಲಗಿವಿಗೆ ಹೋಗಬೇಕು. ಹೋಗಲಿಲ್ಲ. ಎಡಗಿವಿಯಲ್ಲೇ ಉಳಿಯಿತು. ಮತ್ತೆ ತಿರುಗಿಸಿದ, ಮತ್ತೆ ಹಾಕಿಕೊಂಡ, ಎಡಗಿವಿಯಲ್ಲೇ. ಹಸಿರು ಗೆರೆ ನೆಟ್ಟಗೇ ಇತ್ತು. ಹಾಗಾದರೆ ಸೊಟ್ಟಗಾದದ್ದು ಗೆರೆಯಿಂದ ಈಚೆಗಿರುವ ತಾನು.

ತೆರೆದ ಸ್ಪೀಕರುಗಳಲ್ಲಿ ಕೇಳಿ ನೋಡೋಣವೆಂದರೆ ಅವು ಈಗಿಲ್ಲ. ಸುಸೆಕ್‌ನ ಈ ಅಪಾರ್ಟ್‌ಮೆಂಟಿಗೆ ಬಂದ ಹೊಸದರಲ್ಲಿ ಇದ್ದವು. ಕೆಳಗಿನ ಮನೆಯ ಅಜ್ಜಿ ಕಾವಲಿನವನಿಗೆ ಹೇಳಿ, ಕಾವಲಿನವನು ಗೋಡೆಯ ಫೋನಿಗೆ ಕರೆ ಮಾಡಿ, ಹಾಗೆ ಒಂದಿಷ್ಟು ದಿನ ನಡೆದು, ಕೊನೆಗೆ ಅಜ್ಜಿಯೇ ಒಂದು ಡಬ್ಬಿ ಸಿಹಿ ಕುಂಬಳದ ಗಂಜಿ ಹಿಡಿದುಕೊಂಡು ಮೇಲೆ ಬಂದಿದ್ದಳು. "ಬೈಯೋಕೆ ಬಂದಿಲ್ಲಪ್ಪಾ. ಹಾಡು ಗೀಡು ನಂಗೇನೂ ಕೇಳಿಸಲ್ಲ. ಏನೋ ಒಂದು ಧುಂ ಧುಂ ಅಂತ ಬಂದು ಇಲ್ಲಿ ಕೂತ್ಕೊಳ್ಳುತ್ತೆ," ಎಂದು ಎದೆಯ ಗೂಡನ್ನು ಮುಟ್ಟಿ ತೋರಿಸಿದ್ದಳು. ಗಂಜಿ ಕೊಟ್ಟ ಮೇಲೆ ಇನ್ನೇನು ಉಳಿಯಿತು? ಆ ವಾರವೇ ಸ್ಪೀಕರುಗಳನ್ನು ಮಾರಿದ. ಈಗ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವಳು ಅವನ ಮುಖವನ್ನು ಕಾಯಿಲೆಯವನನ್ನು ನೋಡಿದ ಹಾಗೆ ನೋಡಿ, "ಸದ್ದೇ ಇಲ್ವಲ್ಲಪ್ಪಾ, ಕೆಲಸ ಹೋಯ್ತಾ?" ಅನ್ನುತ್ತಾಳೆ. ಎಂಬತ್ತು ದಾಟಿದ ಆ ಎಲುಬಿನ ಗೂಡಿಗೆ ಕಾಂಕ್ರೀಟಿನ ಮೂಲಕವೂ ಕೇಳಿಸಿದ ಮಂದ್ರ, ಕಿವಿಯನ್ನೇ ನಂಬಿ ಬದುಕಿದ ತನಗೆ ಹೆಡ್‌ಫೋನ್ ಕಿವಿಗೇ ಹಾಕಿಕೊಂಡು ಕೂತರೂ ಕೇಳಿಸುತ್ತಿಲ್ಲ.

ಈ ಮಾತನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಹೇಳುವ ಬದಲು ದೊಂಗ್‌ಪಿಲ್‌ನನ್ನು ಬೈದಿದ್ದ. ದೊಂಗ್‌ಪಿಲ್ ಈ ಹಾಡಿನ ತಂಡದಲ್ಲಿ ಬೇಸ್ ನುಡಿಸುವವನು. ಹಗಲೆಲ್ಲ ಮಂಗ್‌ವೊನ್ ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ಅಮ್ಮನ ಜೊತೆ ಕಲ್‌ಗುಕ್ಸು ಎಂಬ ಸಾರಿನ ನೂಡಲ್ಸಿನ ಅಂಗಡಿ ನಡೆಸುವವನು. ಹಿಟ್ಟು ನಾದಿ, ಲಟ್ಟಿಸಿ, ಮಡಿಸಿ, ಚಾಕುವಿನಿಂದ ಎಳೆಎಳೆಯಾಗಿ ಕತ್ತರಿಸುವ ಕೈಯೇ ಸಂಜೆ ತಂತಿ ಮೀಟುತ್ತಿತ್ತು. ನಡುವಯಸ್ಸಿಗೆ ಬಂದ ಮೇಲೆ ಆ ನಾಲ್ಕು ಜನ ಸೇರಿ ಮೊದಲ ಸಲ ಹೊರತರುತ್ತಿದ್ದ ಹಾಡುಗಳ ಆಲ್ಬಮ್ ಇದು. ಹಳೆಯ ಸ್ನೇಹದ ಮೇಲೆ ಇವನ ಕೈಗೆ ಬಂದಿತ್ತು. ಮಂದ್ರ ಸಾಲದು ಎಂದು ಕಿವಿ ಹೇಳಿದ ಹಾಗೆ ಇವನು ಏರಿಸುತ್ತ ಹೋದ. ಹಾಡುವ ಗ್ವಾಕ್ ಅದನ್ನು ತನ್ನ ಕಾರಿನಲ್ಲಿ ಹಾಕಿ ಕೇಳಿ ಫೋನ್ ಮಾಡಿದ: "ಅಣ್ಣ, ಕಾರಿನ ಬಾಗಿಲು ಗಡಗಡ ಅಂತಿದೆ. ನನ್ನ ದನಿ ಎಲ್ಲೋಯ್ತು? ಡಿಕ್ಕಿಯಲ್ಲಿ ಇಟ್ಟಿದ್ದೀಯಾ?" ಜೊತೆಗೆ ಯಾರೋ ನಕ್ಕದ್ದು ಕೇಳಿಸಿತ್ತು. ಆಗ ಸಂಗ್‌ವಾನ್‌ನ ಬಾಯಿಂದ, ಮೊದಲೇ ಯೋಚಿಸಿ ಇಟ್ಟುಕೊಂಡ ಹಾಗೆ, ಬೇರೆಯೇ ಮಾತು ಹೊರಟಿತು. ಬೇಸ್ ನುಡಿಸಿದ್ದೇ ಸಮನಾಗಿಲ್ಲ, ಒಂದು ಸ್ವರ ಬರುತ್ತದೆ ಒಂದು ಬರುವುದಿಲ್ಲ, ಬಾರದ್ದನ್ನು ತರಲು ಹೋದರೆ ಬರುವುದು ಸಿಡಿಯುತ್ತದೆ, ನಾನೇನು ಮಾಡಲಿ. ಆ ಸಂಜೆ ಅಭ್ಯಾಸದ ಕೋಣೆಯಲ್ಲಿ ನಾಲ್ವರ ಎದುರಿಗೇ ಅದನ್ನು ಇನ್ನೊಮ್ಮೆ ಹೇಳಿದ. "ಹಿಟ್ಟು ನಾದಿ ನಾದಿ ನಿನ್ನ ಬೆರಳೂ ಹಿಟ್ಟಾಗೋಗಿದೆ ಕಣೋ. ತಂತಿ ಏನು ನೂಡಲ್ಸಾ?" ಎಲ್ಲರೂ ನಕ್ಕರು. ದೊಂಗ್‌ಪಿಲ್ ಎಲ್ಲರಿಗಿಂತ ಜೋರಾಗಿ ನಕ್ಕು, ತನ್ನ ಬಲಗೈಯನ್ನು ಮುಂದೆ ಚಾಚಿ, ಮಗುಚಿ, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಂಡಿದ್ದ. ನಗು ನಿಂತ ಮೇಲೂ ಆ ಕೈ ಒಂದು ಕ್ಷಣ ಹಾಗೇ ಇತ್ತು.

ಅವನು ಮತ್ತೆ ನುಡಿಸಿ ಕಳಿಸಿದ. ಸಂಗ್‌ವಾನ್ ಬೇಡವೆಂದ. ಮತ್ತೆ ಕಳಿಸಿದ, ಮತ್ತೆ ಬೇಡವೆಂದ. ಇವತ್ತು ಬೆಳಗ್ಗೆ ನಾಲ್ಕನೆಯದು ಬಂದಿತ್ತು, ಕೆಳಗೆ ಒಂದು ಸಾಲು ಸಂದೇಶ: ತಂತಿ ಬದಲಾಯಿಸಿದ್ದೀನಿ ಅಣ್ಣ, ನುಣುಪಿನ ತಂತಿ, ಈಗ ಬೆರಳು ಜಾರಿದರೂ ಕಿರ್ ಅನ್ನಲ್ಲ. ಅದನ್ನು ಹಾಡಿನೊಳಗೆ ಮೊದಲನೆಯದರ ಕೆಳಗೆ ಜೋಡಿಸಿ, ಮ್ಯೂಟ್ ಒತ್ತಿ ಬಾಯಿ ಮುಚ್ಚಿಸಿ ಇಟ್ಟಿದ್ದ, ಕೇಳಿರಲಿಲ್ಲ. ಮೊದಲನೆಯದನ್ನೇ ಮತ್ತೆ ಮತ್ತೆ ಕೇಳುತ್ತ ಕೂತಿದ್ದ. ಹೊಸದೂ ಟೊಳ್ಳಾಗಿ ಕೇಳಿಸಿದರೆ? ಆಗ ಬೆರಳಿನ ಮೇಲೆ ಹೊರಿಸುವುದಕ್ಕೆ ಏನೂ ಉಳಿಯುವುದಿಲ್ಲ.

"ರೀ." ಹೆರಿಮ್ ಅವನ ಎಡಗಡೆ ನಿಂತಿದ್ದಳು, ಯಾವಾಗ ಬಂದಳೋ. ಹೆಡ್‌ಫೋನ್ ಕತ್ತಿಗೆ ಇಳಿದಿತ್ತು, ಹಾಡೂ ನಿಂತಿತ್ತು. "ಆಗಿಂದ ಕರೀತಿದ್ದೀನಿ. ಈ ಕಡೆಯಿಂದ ಕರೆದ್ರೆ ಕಿವಿ ಕೇಳಿಸಲ್ವಾ ನಿಮಗೆ?" ತಮಾಷೆಗೆ ಅಂದದ್ದು. "ಯೋಚನೆ ಮಾಡ್ತಿದ್ದೆ," ಎಂದ. ಅವಳು ಒಂದು ಕಿತ್ತಳೆ ಸುಲಿದು ಅರ್ಧ ಅವನ ಮುಂದಿಟ್ಟು, ಬಗ್ಗಿ ಅವನ ಮುಖ ನೋಡಿ, ಕನ್ನಡಕದ ಎಡಗಡೆಯ ಕಡ್ಡಿಯನ್ನು ಬೆರಳಿನಿಂದ ಒತ್ತಿದಳು. "ಇನ್ನೂ ಸರಿ ಮಾಡಿಸಿಲ್ಲ ನೋಡಿ. ಸೋಫಾದ ಮೇಲೆ ಯಾರಾದ್ರೂ ಕನ್ನಡಕ ಇಟ್ಟು ಅದರ ಮೇಲೇ ಕೂತ್ಕೋತಾರಾ? ಕಡ್ಡಿ ರೆಕ್ಕೆ ಥರ ಎದ್ದು ನಿಂತಿದೆ." ಹತ್ತಿರದ್ದು ಕಾಣದೆ ಹೋದದ್ದು ಈ ಚಳಿಗಾಲದಲ್ಲಿ. ಪರದೆಯ ಅಕ್ಷರಗಳು ಇರುವೆಗಳಾಗಿ ಹರಿಯತೊಡಗಿದಾಗ ಅವಳೇ ಎಳೆದುಕೊಂಡು ಹೋಗಿ ಈ ದಪ್ಪ ಕಪ್ಪು ಚೌಕಟ್ಟನ್ನು ಆರಿಸಿದ್ದಳು. ಈಗ ಏನೋ ತಿಳಿದವರ ಥರ ಕಾಣ್ತೀರಿ, ಅಂದಿದ್ದಳು. ಮೊದಲು ಕಣ್ಣು, ಬೆನ್ನಿಗೇ ಕಿವಿ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಪ್ಪನಿಗೂ ಹೀಗೇ ಒಂದಾದ ಮೇಲೊಂದು ಹೋದವು. ಕೊನೆಗಾಲದಲ್ಲಿ ಅಪ್ಪ ಎಲ್ಲದಕ್ಕೂ ನಗುತ್ತಿದ್ದ. ಕೇಳಿಸದ್ದಕ್ಕೆಲ್ಲ ನಕ್ಕರೆ ಸಾಕು ಎಂದು ಅವನಿಗೆ ಗೊತ್ತಾಗಿಹೋಗಿತ್ತು.

ಲ್ಯಾಪ್‌ಟಾಪು, ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡು ಹೊರಟ. ಮಂಗ್‌ವೊನ್‌ಗೆ ಎಂದು ಹೇಳಿದ. ನಡುವೆ ಎಲ್ಲಿ ಇಳಿಯುತ್ತೇನೆಂದು ಹೇಳಲಿಲ್ಲ. ಕಿವಿ ಮೂಗು ಗಂಟಲಿನ ಕ್ಲಿನಿಕ್ ಒಂದು ಬ್ರೆಡ್ ಅಂಗಡಿಯ ಮೇಲಿತ್ತು. ಒಳಗೆ ಮುದುಕರು ಸಾಲಾಗಿ ಕೂತಿದ್ದರು, ಟಿವಿಯಲ್ಲಿ ಯಾರೋ ಕಿಮ್ಚಿಗೆ ಎಲೆಕೋಸು ಸೀಳುತ್ತಿದ್ದರು, ದನಿ ಗೋಡೆ ಬಿರಿಯುವಷ್ಟು. ಹೆಸರು ಬರೆಸುವ ಹೆಂಗಸು, "ಏನು ತೊಂದರೆ?" ಎಂದಳು. ಅವನು ಸಾಲಾಗಿ ಕೂತ ಮುದುಕರ ಕಡೆ ನೋಡಿದ. ಅವಳು ಎಂದಿನಂತೆ ದನಿ ಏರಿಸಿ, ಒಂದೊಂದೇ ಪದ ಬಿಡಿಸಿ, "ಏನು — ತೊಂದರೆ — ಅಂತ — ಕೇಳ್ದೆ — ಸರ್," ಎಂದಳು. ಸಾಲಿನಲ್ಲಿದ್ದ ಮುದುಕನೊಬ್ಬ ಅವನ ಕಡೆ ತಿರುಗಿ, ತಮ್ಮವನೇ ಒಬ್ಬ ಬಂದ ಎಂಬ ಸಂತೋಷದಲ್ಲಿ, ಪಕ್ಕದ ಕುರ್ಚಿಯ ಮೇಲಿಂದ ತನ್ನ ಟೋಪಿ ಎತ್ತಿಕೊಂಡು ಜಾಗ ಮಾಡಿಕೊಟ್ಟ. ಆ ಖಾಲಿ ಕುರ್ಚಿಯನ್ನು ನೋಡಿ ಸಂಗ್‌ವಾನ್‌ಗೆ ಕಾಲು ಹಿಂದಕ್ಕೆ ಸರಿಯಿತು. ಬ್ರೆಡ್ ಅಂಗಡಿ ಇದೇನಾ ಅಂದುಕೊಂಡೆ, ಎಂದು ಏನೋ ಗೊಣಗಿ, ಕೆಳಗಿಳಿದು, ಹೇಳಿದ ಸುಳ್ಳಿಗೆ ಸರಿಯಾಗಿ ಕಡಲೆಹಿಟ್ಟಿನಂತೆ ಉದುರುವ ಒಂದು ಬನ್ ಕೊಂಡು ಬಸ್ ಹತ್ತಿದ. ಬಸ್ಸಿನಲ್ಲಿ ನಿರ್ಧಾರವಾಯಿತು. ದೊಂಗ್‌ಪಿಲ್‌ಗೆ ಇವತ್ತೇ ಹೇಳಿಬಿಡಬೇಕು. ಈ ಆಲ್ಬಮ್ ಬೇರೆ ಯಾರ ಕೈಗಾದರೂ ಕೊಡು, ನನ್ನ ಕಿವಿ ಹೋಗಿದೆ. ಈ ಎರಡು ತುಂಡು ಮಾತನ್ನು ಹಿಂದೆ ಮುಂದೆ ಮಾಡಿ ಹೇಳಿ ನೋಡಿದ. ಕಿವಿ ಹೋಗಿದೆ ಅನ್ನುವುದನ್ನು ಮೊದಲು ಹೇಳಿದರೆ ಎರಡನೆಯದು ಹೇಳಬೇಕಾಗುವುದಿಲ್ಲ. ಆದರೆ ಅದನ್ನು ಹೇಳಿದ ಮೇಲೆ ನಾಳೆ ಬೆಳಗ್ಗೆ ಎದ್ದು ತಾನು ಏನು ಮಾಡುವ ಮನುಷ್ಯ? ಕಿಟಕಿಯ ಆಚೆ ನದಿಯ ಅಂಚು ಹೆಪ್ಪುಗಟ್ಟಿತ್ತು.

ಮಧ್ಯಾಹ್ನದ ಗಿರಾಕಿಗಳು ಹೋಗಿ ಅಂಗಡಿ ಖಾಲಿಯಾಗಿತ್ತು. ದೊಂಗ್‌ಪಿಲ್ ಸಂಜೆಯ ಹಿಟ್ಟು ಕತ್ತರಿಸುತ್ತಿದ್ದ. ಹಲಗೆಯ ಮೇಲೆ ಚಾಕುವಿನ ಸದ್ದು ಟಕ್ ಟಕ್ ಟಕ್ ಎಂದು ಒಂದಕ್ಕೊಂದು ತಪ್ಪದೆ ಬರುತ್ತಿತ್ತು. ಹಿಟ್ಟು ಚೆಲ್ಲಿದ ತಟ್ಟೆಯಲ್ಲಿ ಎಳೆಗಳು ಒಂದೇ ಅಗಲಕ್ಕೆ ಮಲಗಿದ್ದವು. ಸಂಗ್‌ವಾನ್ ಬಾಗಿಲಲ್ಲೇ ನಿಂತು ಅದನ್ನು ಕೇಳಿದ. ಸಮನಾಗಿಲ್ಲ ಎಂದು ತಾನು ಹೇಳಿದ್ದು ಈ ಕೈಯನ್ನು. ಬಲಗೈಯ ಎರಡು ಬೆರಳ ತುದಿಗೆ ಪ್ಲಾಸ್ಟರ್ ಸುತ್ತಿತ್ತು.

"ಬಂದ್ಯಾ ಅಣ್ಣ! ಬಾಗಿಲು ಹಾಕು, ಇರೋ ಬಿಸಿಯೆಲ್ಲ ಓಣಿಗೆ ಹೋಗ್ತಿದೆ. ಕೇಳ್ದ್ಯಾ?"

"ಇಲ್ಲ. ನಿನ್ನ ಎದುರಿಗೇ ಕೇಳೋಣ ಅಂತ."

"ಅಯ್ಯೋ, ಎದುರಿಗೇ ಬೈಯೋಕಾ? ಇರು, ಅಮ್ಮನ್ನ ಒಳಗೆ ಕಳಿಸ್ತೀನಿ."

"ನಾನ್ಯಾಕೆ ಒಳಗೆ ಹೋಗ್ಲಿ?" ಅವನ ತಾಯಿ ಒಲೆಯ ಹಿಂದಿನಿಂದ ತಲೆ ಹಾಕಿದಳು. ಎರಡು ಕೈಯಲ್ಲೂ ಹಿಡಿಯಬೇಕಾದ ಬಟ್ಟಲಿನಲ್ಲಿ ಕಪ್ಪೆಚಿಪ್ಪು ಹಾಕಿದ ಕಲ್‌ಗುಕ್ಸು ತಂದು ಸಂಗ್‌ವಾನ್‌ನ ಮುಂದಿಟ್ಟು, "ಮೊದಲು ತಿನ್ನು. ಮುಖ ನೋಡು, ಒಗೆದು ಹಿಂಡದೇ ಬಿಟ್ಟ ಹಾಗಿದೆ. ಇವನು ನೋಡಪ್ಪಾ, ನೀನು ಬೈದಾಗಿಂದ ಅಂಗಡಿ ಬಾಗಿಲು ಹಾಕೋದೇ ತಡ, ಮೇಲೆ ಹೋಗಿ ಅದೇ ಒಂದು ಹಾಡು. ನನಗೇ ಬಾಯಿಪಾಠ ಬಂದಿದೆ. ಬೆರಳು ಒಡೆದು ರಕ್ತ ಬಂತು. ಹಿಟ್ಟಿಗೆ ಬಿದ್ದೀತು ಅಂತ ಪ್ಲಾಸ್ಟರ್ ನಾನೇ ಸುತ್ತಿದ್ದು," ಎಂದಳು.

"ಅಮ್ಮ, ಸಾಕು."

"ಸಾಕು ಅಂತ ನಾನೂ ಹೇಳಿದ್ದು. ಆದ್ರೂ ಬೈಯೋರು ಒಬ್ರು ಬೇಕಪ್ಪಾ. ಅವರಪ್ಪ ಹೋದ ಮೇಲೆ ಇವನಿಗೆ ಬೈಯೋರೇ ಇರ್ಲಿಲ್ಲ."

ಸಾರಿನ ಮೇಲಿಂದ ಎದ್ದ ಹಬೆಗೆ ಕನ್ನಡಕ ಬೆಳ್ಳಗಾಗಿ ಎಲ್ಲರೂ ಮಾಯವಾದರು. ಆ ಮಂಜಿನ ಹಿಂದೆ ಕೂತು ಹೇಳಿಬಿಡುವುದು ಸುಲಭ ಅನ್ನಿಸಿತು. ಅವನು ಬಾಯಿ ತೆರೆದ. ದೊಂಗ್‌ಪಿಲ್, "ಕನ್ನಡಕ ತೆಗೆದಿಟ್ಟು ತಿನ್ನಣ್ಣ, ಕುರುಡ ಹುಡುಕ್ದಂಗೆ ಹುಡುಕ್ತಿದ್ದೀಯ," ಎಂದು ಕೈಯಿಂದಲೇ ಅದನ್ನು ತೆಗೆದು ಬಟ್ಟಲಿನ ಪಕ್ಕ ಮಗುಚಿಟ್ಟ. ಹೇಳಬೇಕಾದ ಮಾತು ಬಿಸಿ ಸಾರಿನ ಜೊತೆ ಒಳಗೆ ಹೋಯಿತು. ತಿನ್ನುವಷ್ಟು ಹೊತ್ತು ಮುಂದಕ್ಕೆ ಹಾಕಬಹುದು. ತಿಂದಾದ ಮೇಲೆ ಒಂದು ಸಲ ಕೇಳುವಷ್ಟು ಹೊತ್ತು. ಅಷ್ಟು ಕಷ್ಟಪಟ್ಟವನ ಎದುರಿಗೆ ಒಂದು ಸಲ ಕೇಳಿ, ಹೆಡ್‌ಫೋನ್ ಇಳಿಸಿ, ಆಮೇಲೆ ಹೇಳುವುದು ಮರ್ಯಾದೆ. ಬಟ್ಟಲನ್ನು ಸರಿಸಿ ಲ್ಯಾಪ್‌ಟಾಪ್ ತೆರೆದ. ಪರದೆಯ ಮೇಲೆ ಸಾಲುಗಳು ಕಲಸಿಹೋಗಿದ್ದವು. ಮೊದಲನೆಯದರ ಬಾಯಿ ಮುಚ್ಚಿಸಿ ನಾಲ್ಕನೆಯದನ್ನು ತೆರೆದೆ ಅಂದುಕೊಂಡು ಎರಡು ಕಡೆ ಒತ್ತಿ, ಹೆಡ್‌ಫೋನ್ ಏರಿಸಿ, ಹಾಡು ಬಿಟ್ಟ.

ಮೊದಲ ಸ್ವರಕ್ಕೇ ಬೆನ್ನು ನೆಟ್ಟಗಾಯಿತು. ಬೇಸ್ ಬಂತು. ಎಡದಿಂದಲೂ ಬಲದಿಂದಲೂ ಒಟ್ಟಿಗೆ ಬಂದು, ನಡುವೆ ಸೇರಿ, ಹುಬ್ಬುಗಳ ಹಿಂದೆ ತನ್ನ ಜಾಗದಲ್ಲಿ ಕೂತಿತು. ಅದರ ಕೆಳಗೆ ಕಾಲಿನ ಡ್ರಮ್ಮು ಎದೆಗೆ ಹೊಡೆಯದೆ ನೆಲಕ್ಕೆ ಹೊಡೆಯಿತು. ತಾನು ಏರಿಸಿಟ್ಟದ್ದು ಈಗ ತನಗೂ ಹೆಚ್ಚಾಗಿ ಕೇಳಿಸುತ್ತಿತ್ತು, ಗ್ವಾಕ್‌ನ ದನಿ ನಿಜವಾಗಿಯೂ ಡಿಕ್ಕಿಯಲ್ಲಿತ್ತು; ಅವನಿಗೆ ನಗು ಬಂತು. ಹಾಗಾದರೆ ದೋಷ ಬೆರಳಿನದ್ದೇ. ತಾನು ಬೈದದ್ದು ಸರಿ. ತಂತಿ ಬದಲಾಯಿಸಿ, ಬೆರಳು ಒಡೆಯುವಷ್ಟು ನುಡಿಸಿ, ಇವನು ಕೊನೆಗೂ ಸರಿಮಾಡಿದ. ಎದುರಿಗೆ ದೊಂಗ್‌ಪಿಲ್ ಮುಂದೊರಗಿ, ಪ್ಲಾಸ್ಟರ್ ಬೆರಳುಗಳನ್ನು ಮೇಜಿನ ಅಂಚಿಗೆ ಒತ್ತಿ, ಅವನ ಮುಖವನ್ನೇ ಓದುತ್ತಿದ್ದ. ಕನ್ನಡಕವಿಲ್ಲದೆಯೂ ದೂರಕ್ಕೆ ಆ ಮುಖ ಚೆನ್ನಾಗಿ ಕಾಣುತ್ತಿತ್ತು. ಸಂಗ್‌ವಾನ್ ತಲೆಯಾಡಿಸಿದ. ದೊಂಗ್‌ಪಿಲ್ ಉಸಿರು ಬಿಟ್ಟು ಅಮ್ಮನ ಕಡೆ ತಿರುಗಿ ಹೆಬ್ಬೆರಳು ಎತ್ತಿದ. ಎರಡನೆಯ ಚರಣ ಮುಗಿದು ಹಾಡು ತಿರುಗುವ ಕಡೆ, ಕೈ ಕೆಳಕ್ಕೆ ಜಾರುವಾಗ, ಕಿರ್ ಎಂದಿತು.

ಆ ಕಿರ್ ಅವನಿಗೆ ತನ್ನ ಮನೆಯ ಬಾಗಿಲಿನ ಸದ್ದಿನಷ್ಟು ಗೊತ್ತಿತ್ತು. ಒರಟು ತಂತಿಯ ಮೇಲೆ ಬೆರಳು ಉಜ್ಜಿದ ಸದ್ದು, ಮೊದಲ ಸಲ ನುಡಿಸಿದ್ದರಲ್ಲಿ, ಇದೇ ಜಾಗದಲ್ಲಿ. ನುಣುಪಿನ ತಂತಿ ಕಿರ್ ಅನ್ನುವುದಿಲ್ಲ. ಹಾಡು ನಡೆಯುತ್ತಿದ್ದಂತೆಯೇ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಹೊಸದರ ಬಾಯಿ ಇನ್ನೂ ಮುಚ್ಚಿತ್ತು. ನುಡಿಯುತ್ತಿದ್ದದ್ದು ಮೊದಲನೆಯದು, ಬೆಳಗ್ಗೆ ಇದೇ ಹೆಡ್‌ಫೋನಿನಲ್ಲಿ, ಇದೇ ಹಸಿರು ಗೆರೆಯ ಕೆಳಗೆ, ಟೊಳ್ಳು ಎಂದು ಕೇಳಿಸಿದ್ದು. ಬೆಳಗ್ಗೆಯಿಂದ ಈಗಿನವರೆಗೆ ಏನು ಬದಲಾಯಿತು? ಕಿವಿ ಅದೇ, ತಲೆ ಅದೇ. ಅವನ ಕಣ್ಣು ಬಟ್ಟಲಿನ ಪಕ್ಕ ಮಗುಚಿ ಬಿದ್ದಿದ್ದ ಕನ್ನಡಕದ ಮೇಲೆ ನಿಂತಿತು. ದಪ್ಪ ಕಪ್ಪು ಕಡ್ಡಿ, ಎಡಗಡೆಯದು ರೆಕ್ಕೆಯಂತೆ ಎದ್ದು ನಿಂತದ್ದು. ನಿಧಾನವಾಗಿ ಕೈ ಚಾಚಿ, ಎತ್ತಿ, ಹೆಡ್‌ಫೋನಿನ ಮೆತ್ತೆಯ ಅಡಿಗೆ ಕಡ್ಡಿಗಳನ್ನು ತೂರಿಸಿ ಹಾಕಿಕೊಂಡ. ಎಡಗಡೆ ಮೆತ್ತೆ ಕೂದಲೆಳೆಯಷ್ಟು ಮೇಲೆದ್ದಿತು. ಆ ಸಂದಿನಿಂದ ಮಂದ್ರವೆಲ್ಲ ಸೋರಿಹೋಯಿತು, ಸಿಪ್ಪೆ ಉಳಿಯಿತು. ತೆಗೆದ, ತುಂಬಿಕೊಂಡಿತು. ಹಾಕಿದ, ಸೋರಿತು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡಾಗಲೂ ಮುಖದ ಮೇಲೆ ಇದು ಇದ್ದೇ ಇತ್ತು. ಅದರ ಹಿಂದೆ ಕಣ್ಣು ಮುಚ್ಚಿಕೊಂಡು ತಾನು ತನ್ನ ಕಿವಿಗಾಗಿ ಅಳುತ್ತಿದ್ದ.

"ಏನಣ್ಣ ಅದು, ಹಾಕೋದು ತೆಗೆಯೋದು? ಹಾಡನ್ನ ಓದ್ತಿದ್ದೀಯಾ?"

ಸಂಗ್‌ವಾನ್ ನಕ್ಕ. ಶುರುವಾದದ್ದು ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ಮೇಜು ಅಲುಗಿ ಬಟ್ಟಲಿನ ಸಾರು ತುಳುಕುವಷ್ಟು ನಕ್ಕ. ಯಾಕೆಂದು ಗೊತ್ತಿಲ್ಲದೆ ದೊಂಗ್‌ಪಿಲ್‌ನೂ ನಕ್ಕ, ಅವನ ತಾಯಿ, "ನೋಡು, ಸಾರು ಹೊಟ್ಟೆಗೆ ಬಿದ್ದ ಮೇಲೆ ಮನುಷ್ಯ ಆದ," ಎಂದಳು. ಕುರ್ಚಿ ಖಾಲಿ ಮಾಡಿಕೊಟ್ಟ ಟೋಪಿಯ ಮುದುಕ ನೆನಪಾದ. ಅವನಿಗೆ ಒಂದು ನಮಸ್ಕಾರವನ್ನಾದರೂ ಮಾಡಿ ಬರಬೇಕಿತ್ತು ಅನ್ನಿಸಿತು. ಕಣ್ಣೊರೆಸಿಕೊಂಡು, ಪರದೆಗೆ ಬಗ್ಗಿ, ಈ ಸಲ ತಪ್ಪದೆ ಹೊಸದನ್ನು ಹಾಕಿ ಕೇಳಿದ. ಅದೂ ತುಂಬಿಕೊಂಡು ಬಂತು. ಒಂದು ತಪ್ಪಿಲ್ಲ, ಒಂದು ಕಿರ್ ಇಲ್ಲ. ಆದರೆ ಪ್ರತಿ ಸ್ವರವೂ ಮುಂದಿನದನ್ನು ಮುಟ್ಟುವ ಮೊದಲು ಒಮ್ಮೆ ಹಿಂತಿರುಗಿ ನೋಡುತ್ತಿತ್ತು, ಯಾರಾದರೂ ಬೈಯುತ್ತಾರೋ ಎಂದು. ಮೊದಲನೆಯದರಲ್ಲಿ ಇದ್ದ, ಕೆಲಸ ಮುಗಿಸಿ ಮನೆಗೆ ನಡೆಯುವವನ ಸಡಿಲ ಹೆಜ್ಜೆ ಇದರಲ್ಲಿ ಇರಲಿಲ್ಲ. ಅದನ್ನು ತೆಗೆದದ್ದು ಯಾರೆಂದು ಅವನಿಗೆ ಗೊತ್ತಿತ್ತು.

ಹೆಡ್‌ಫೋನ್ ಇಳಿಸಿದ. ದೊಂಗ್‌ಪಿಲ್ ಕಾಯುತ್ತಿದ್ದ. ಹೇಳುವುದಕ್ಕೆ ಈಗ ಕಷ್ಟವೇ ಇರಲಿಲ್ಲ. ಕನ್ನಡಕವನ್ನು ಎತ್ತಿ ತೋರಿಸಿದರೆ ಸಾಕು, ನಾಲ್ವರ ಎದುರಿಗೆ ಇನ್ನೊಂದು ಸಲ ನಗಬಹುದಾದ ಕಥೆ, ಈ ಸಲ ನಗೆಗೆ ಸಿಕ್ಕುವವನು ತಾನು. ಹಳದಿ ಟವೆಲ್ಲಿನ ಹುಡುಗ ನಕ್ಕಷ್ಟೇ ಪೆಚ್ಚಾಗಿ ತಾನೂ ನಕ್ಕರೆ ಮುಗಿಯಿತು. ನಾಲಿಗೆಯ ಮೇಲೆ ಬಂದಿತ್ತು.

"ಅಣ್ಣ, ನಿಜ ಹೇಳು. ಬೈದಿದ್ದಕ್ಕೆ ಬಂತು ಅಲ್ವಾ? ನೀನು ಸುಮ್ನೆ ಹೋಗ್ಲಿ ಬಿಡು ಅಂದಿದ್ರೆ ನಾನು ಹಾಗೇ ಇರ್ತಿದ್ದೆ. ಗ್ವಾಕ್‌ಗೂ ಅದೇ ಅಂದೆ, ನಮ್ಮಣ್ಣನ ಕಿವಿ ಅಂದ್ರೆ ಕಿವಿ ಕಣೋ ಅಂತ."

"ಚೆನ್ನಾಗಿ ಬಂದಿದೆ," ಎಂದ ಸಂಗ್‌ವಾನ್. "ಇನ್ನು ನುಡಿಸೋದು ಬೇಡ. ಬೆರಳು ಮಾಗಲಿ."

ಚೀಲದಲ್ಲಿದ್ದ ಬನ್ ತೆಗೆದು ಅವನ ತಾಯಿಗೆ ಕೊಟ್ಟ. "ಇದೇನಿದು, ಅಂಗಡಿಗೇ ತಿಂಡಿ ತಂದಿದ್ದಾನೆ!" ಎಂದು ಅವಳು ಬೈಯುತ್ತಲೇ ಅರ್ಧ ಮುರಿದು ಮಗನ ಬಾಯಿಗಿಟ್ಟಳು.

ಮರಳುವ ಬಸ್ಸು ಸಿಗ್ನಲ್ಲಿಗೆ ನಿಂತಾಗಲೆಲ್ಲ ಇಂಜಿನ್ನಿನ ನಡುಕ ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಎರಡೂ ಕಿವಿಗೆ ಸಮನಾಗಿ ಏರುತ್ತಿತ್ತು. ಅದನ್ನು ಅವನು ಕಣ್ಣು ಮುಚ್ಚಿಕೊಂಡು ಸವಿದ. ಸೇತುವೆಯ ಮೇಲೆ ರೈಲು ಹೋದದ್ದು, ಹಿಂದಿನ ಸೀಟಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡದ್ದು, ಬಾಗಿಲು ಮುಚ್ಚಿಕೊಳ್ಳುವಾಗ ಕೊನೆಯಲ್ಲಿ ಬರುವ ಧಪ್, ಎಲ್ಲವೂ ಇದ್ದವು, ಇದ್ದ ಜಾಗದಲ್ಲೇ ಇದ್ದವು. ಲಿಫ್ಟಿನಲ್ಲಿ ಕೆಳಗಿನ ಮನೆಯ ಅಜ್ಜಿ ಸಿಕ್ಕಳು. "ಕೆಲಸ ಸಿಕ್ತೇನಪ್ಪಾ? ಮುಖದ ಮೇಲೆ ಬೆಳಕು ಬಂದಿದೆ." "ಸಿಕ್ತು ಅಜ್ಜಿ," ಎಂದ. ಅವಳು ಅವನ ತೋಳು ತಟ್ಟಿ, ಹಾಗಾದ್ರೆ ಸ್ವಲ್ಪ ಸದ್ದು ಮಾಡು, ಒಂಚೂರು, ಪರವಾಗಿಲ್ಲ, ಎಂದು ಇಳಿದುಹೋದಳು. ಮನೆಯಲ್ಲಿ ಹೆರಿಮ್ ಎಡಗಡೆಯಿಂದ ಕರೆದಳು. ಕರೆದ ತಕ್ಷಣ ತಿರುಗಿದ. ಕನ್ನಡಕದ ಅಂಗಡಿಗೆ ನಾಳೆಯೇ ಹೋಗೋಣ, ಕಡ್ಡಿ ತೆಳ್ಳಗಿರೋದು ಕೊಡಿಸು, ಎಂದಾಗ ಅವಳು, "ತಿಳಿದವರ ಥರ ಕಾಣೋದು ಸಾಕಾಯ್ತಾ?" ಎಂದಳು.

ಉಳಿದ ಕೆಲಸವನ್ನು ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು, ಬರಿಗಣ್ಣಿನಲ್ಲಿ ಮುಗಿಸಿದ. ಏರಿಸಿದ್ದನ್ನೆಲ್ಲ ಇಳಿಸಿದ. ಗ್ವಾಕ್‌ನ ದನಿಯನ್ನು ಡಿಕ್ಕಿಯಿಂದ ಹೊರಗೆ ತಂದ. ನಾಲ್ಕನೆಯದನ್ನು ಒಂದು ಸಲ ಪೂರ್ತಿ ಕೇಳಿ, ಬಾಯಿ ಮುಚ್ಚಿಸಿ, ಮೊದಲನೆಯದನ್ನೇ ಉಳಿಸಿಕೊಂಡ. ಹಾಡು ತಿರುಗುವ ಕಡೆ ಇದ್ದ ಕಿರ್ ಅನ್ನು ಮಾತ್ರ, ಹಿಗ್ಗಿಸಿ ನೋಡಿ, ಎರಡೂ ಬದಿಗೆ ಗಾಯವಾಗದ ಹಾಗೆ ಕತ್ತರಿಸಿ ತೆಗೆದ. ತೆಗೆಯುವಾಗ ಕೈ ಒಂದು ಕ್ಷಣ ತಡೆಯಿತು. ಆ ಸದ್ದೇ ಅವನ ಕಿವಿಯನ್ನು ಅವನಿಗೆ ಮರಳಿಸಿದ್ದು.

ಚೆರ್ರಿ ಹೂ ಬಿಡುವ ಹೊತ್ತಿಗೆ ಆಲ್ಬಮ್ ಬಂತು. ಗ್ವಾಕ್‌ನ ಕಾರಿನಲ್ಲಿ ನದಿಯ ದಂಡೆಗುಂಟ ಹೋಗುತ್ತ ಎಲ್ಲರೂ ಕೇಳಿದರು. ಬಾಗಿಲು ಗಡಗಡ ಅನ್ನಲಿಲ್ಲ. ದೊಂಗ್‌ಪಿಲ್ ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ, ಮಾಗಿದ ಬೆರಳುಗಳಿಂದ ಸಂಗ್‌ವಾನ್‌ನ ಹೆಗಲ ಮೇಲೆ ಹಾಡಿನ ಜೊತೆಜೊತೆಗೇ ಬಡಿಯುತ್ತ, "ನೋಡಣ್ಣ, ಹೊಸ ತಂತಿ ಹೆಂಗೆ ಮಾತಾಡ್ತಿದೆ! ನಾಲ್ಕನೇ ಸಲದ್ದು ಅಂದ್ರೆ ನಾಲ್ಕನೇ ಸಲದ್ದೇ," ಎಂದ. ಸಂಗ್‌ವಾನ್ ಕಿಟಕಿ ಇಳಿಸಿದ. ಗಾಳಿ ಎರಡೂ ಕಿವಿಗೆ ತುಂಬಿತು. ಅದು ಮೊದಲ ಸಲದ್ದು ಎಂದು ಅವನು ದೊಂಗ್‌ಪಿಲ್‌ಗೆ ಯಾವತ್ತೂ ಹೇಳಲಿಲ್ಲ.